ಧ್ಯಾನದಲ್ಲಿ ನೋಡುತ್ತಿರುವವರು ಯಾರು? ತನ್ನನ್ನು ತಾನು ತಿಳಿಯಲು ಒಂದು ಅಭ್ಯಾಸ

ಧ್ಯಾನ ಶುರು ಮಾಡಿ ಸ್ವಲ್ಪ ದಿನ ಆದವರನ್ನು ಮಾತಾಡಿಸಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ನನಗೆ ಇನ್ನೂ ಏನೂ ಅನುಭವ ಆಗಿಲ್ಲ." ಬೆಳಕು ಕಾಣಬೇಕು, ನಾದ ಕೇಳಬೇಕು, ಮನಸ್ಸು ಖಾಲಿ ಆಗಬೇಕು ಅಂತ ಎಲ್ಲೋ ಓದಿರುತ್ತಾರೆ, ಯಾರೋ ಹೇಳಿರುತ್ತಾರೆ. ಅದು ಆಗದಿದ್ದಾಗ ಬೇಸರ ಬಂದು, ಇದು ನಮ್ಮಂಥವರಿಗಲ್ಲ ಅಂತ ಬಿಟ್ಟುಬಿಡುತ್ತಾರೆ. ತನ್ನನ್ನು ತಾನು ತಿಳಿಯಬೇಕು ಅಂತ ಹೊರಟವರಿಗೆ ಈ ಬೇಸರ ಬೇಕಾಗಿಲ್ಲ. ಏನು ಅನುಭವ ಆಯಿತು ಅನ್ನುವುದಕ್ಕಿಂತ ಅದು ಯಾರಿಗೆ ಆಯಿತು ಅನ್ನುವುದು ಈ ದಾರಿಯಲ್ಲಿ ಮುಖ್ಯ. ಬೇಸರ ಆದಾಗಲೂ ಅದೇ ಪ್ರಶ್ನೆ ಕೇಳಬಹುದು.

ಪತಂಜಲಿಯ ಯೋಗಸೂತ್ರ ಶುರುವಿನಲ್ಲೇ ಇದನ್ನು ಹೇಳಿಬಿಡುತ್ತದೆ. ಎರಡನೆಯ ಸೂತ್ರ: ಚಿತ್ತದ ವೃತ್ತಿಗಳು, ಅಂದರೆ ಮನಸ್ಸಿನಲ್ಲಿ ಏಳುವ ಅಲೆಗಳು, ಅಡಗುವುದೇ ಯೋಗ. ಮೂರನೆಯದು: ಆಗ ನೋಡುವವನು ತನ್ನ ನಿಜ ರೂಪದಲ್ಲಿ ನಿಲ್ಲುತ್ತಾನೆ. ನಾಲ್ಕನೆಯದು ನಮ್ಮ ದಿನದಿನದ ಕಥೆ: ಉಳಿದ ಹೊತ್ತಿನಲ್ಲಿ ಅವನು ಆ ವೃತ್ತಿಯ ಹಾಗೇ ಆಗಿರುತ್ತಾನೆ. ಸಿಟ್ಟು ಬಂದಾಗ ನಾವು ಪೂರ್ತಿ ಸಿಟ್ಟೇ ಆಗಿರುತ್ತೇವೆ. ಅದನ್ನು ನೋಡುತ್ತಿರುವವರು ಒಬ್ಬರು ಒಳಗಿದ್ದಾರೆ ಅನ್ನುವ ನೆನಪೇ ಇರುವುದಿಲ್ಲ, ಅಲ್ವಾ?

ಮೈಯಿಂದ ಶುರು ಮಾಡಿ, ಉಸಿರು, ಮನಸ್ಸು ದಾಟಿ, 'ನಾನು' ಅನ್ನುವ ಜಾಗದವರೆಗೆ ಹೋಗುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ. ಒಂದೊಂದನ್ನೂ ಕೆಲವು ವಾರ ಮಾಡಿ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋದರೆ ಯಾವುದೂ ಮೈಗೂಡುವುದಿಲ್ಲ.

ಕೂರುವುದಕ್ಕೆ ಮುಂಚಿನ ಕೆಲಸ

ಅಷ್ಟಾಂಗ ಯೋಗದ ಎಂಟು ಅಂಗಗಳಲ್ಲಿ ಆಸನಕ್ಕೆ ಮೂರನೆಯ ಜಾಗ. ಅದಕ್ಕೂ ಮೊದಲು ಯಮ, ನಿಯಮ ಬರುತ್ತವೆ. ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಬೇಡದ್ದನ್ನು ಕೂಡಿಹಾಕದಿರುವುದು, ಈ ಐದು ಯಮಗಳು. ಶುಚಿ, ಸಂತೋಷ, ತಪಸ್ಸು, ಸ್ವಾಧ್ಯಾಯ (ತನ್ನನ್ನು ತಿಳಿಸುವ ಓದು), ಈಶ್ವರ ಪ್ರಣಿಧಾನ (ದೇವರಿಗೆ ಒಪ್ಪಿಸಿಬಿಡುವುದು), ಈ ಐದು ನಿಯಮಗಳು. ಹೊಸಬರು ಇವನ್ನು ನೀತಿಪಾಠ ಅಂತ ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಇವು ಧ್ಯಾನದ ತಯಾರಿಯೇ. ಹಗಲೆಲ್ಲ ಯಾರಿಗೋ ಸುಳ್ಳು ಹೇಳಿ ಸಂಜೆ ಕಣ್ಣು ಮುಚ್ಚಿ ಕೂತರೆ ಮೊದಲು ಎದುರಾಗುವುದು ಆ ಸುಳ್ಳೇ. ಅದನ್ನು ಮುಚ್ಚಿಡಲು ನಾಳೆ ಏನು ಹೇಳಬೇಕು ಅನ್ನುವ ಲೆಕ್ಕದಲ್ಲೇ ಕೂತ ಹೊತ್ತು ಮುಗಿದುಹೋಗುತ್ತದೆ.

ಹತ್ತನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಒಂದು ವಾರ ಸತ್ಯವನ್ನು ಮಾತ್ರ ಗಮನಿಸಿ. ಸುಳ್ಳು ಹೇಳಬಾರದು ಅಂತ ಶಪಥ ಮಾಡುವುದಕ್ಕಿಂತ, ಚಿಕ್ಕಪುಟ್ಟ ಸುಳ್ಳು ಬಾಯಿಗೆ ಬಂದಾಗ ಒಂದು ಕ್ಷಣ ಗಮನಿಸಿದರೆ ಸಾಕು. "ಆಗಲೇ ಹೊರಟಿದ್ದೀನಿ" ಅಂತ ಇನ್ನೂ ಹೊರಡದೆ ಹೇಳುವ ಮಾತು. "ಪರವಾಗಿಲ್ಲ, ನನಗೇನೂ ಬೇಜಾರಿಲ್ಲ" ಅಂತ ಬೇಜಾರಿನಲ್ಲೇ ಹೇಳುವ ಮಾತು. ಯಾರ ಮುಂದೆ ಯಾವ ಮುಖ ಉಳಿಸಿಕೊಳ್ಳಲು ಇದನ್ನು ಹೇಳುತ್ತಿದ್ದೇನೆ ಅಂತ ನೋಡಿದರೆ, ನಾವು ಕಾಪಾಡುತ್ತಿರುವ 'ನಾನು' ಎಂಥದ್ದು ಅನ್ನುವುದರ ಮೊದಲ ಸುಳಿವು ಅಲ್ಲೇ ಸಿಗುತ್ತದೆ.

ಮೊದಲ ಹಂತ: ಮೈ ಸ್ಥಿರವಾಗಲಿ

ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ಸ್ಥಿರವಾಗಿಯೂ ಸುಖವಾಗಿಯೂ ಇರುವುದೇ ಆಸನ ಅನ್ನುವುದು ಅದರಲ್ಲಿ ಮೊದಲನೆಯದು. ಕಾಲು ಕತ್ತಿಗೆ ಏರಿಸಲು ಬಂದರೆ ಸಂತೋಷ. ಬರದಿದ್ದರೂ ಧ್ಯಾನಕ್ಕೆ ಏನೂ ಕೊರತೆ ಇಲ್ಲ.

ಕೂರುವ ಮೊದಲು ಹತ್ತು ಹದಿನೈದು ನಿಮಿಷ ಮೈ ಸಡಿಲ ಮಾಡಿಕೊಳ್ಳಿ. ಕತ್ತು, ಭುಜ ಮೆಲ್ಲಗೆ ತಿರುಗಿಸಿ. ಮಾರ್ಜಾಲಾಸನದಲ್ಲಿ, ಅಂದರೆ ಬೆಕ್ಕಿನ ಹಾಗೆ ಕೈ, ಮಂಡಿ ಊರಿ, ಉಸಿರಿನ ಜೊತೆ ಬೆನ್ನು ಬಾಗಿಸಿ, ಎತ್ತಿ. ಭುಜಂಗಾಸನ (ಬೋರಲಾಗಿ ಮಲಗಿ ಎದೆ ಎತ್ತುವುದು), ವಕ್ರಾಸನ (ಕೂತು ಸೊಂಟ ತಿರುಗಿಸುವುದು), ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಮುಂದೆ ಬಾಗುವುದು), ಕೊನೆಗೆ ಐದು ನಿಮಿಷ ಶವಾಸನ (ಅಂಗಾತ ಮಲಗಿ ಮೈ ಸಡಿಲ ಬಿಡುವುದು). ಇಷ್ಟು ಸಾಕು.

ಈ ಆಸನಗಳಲ್ಲೇ ನೋಡುವ ಅಭ್ಯಾಸ ಶುರು ಮಾಡಬಹುದು. ಪಶ್ಚಿಮೋತ್ತಾನಾಸನದಲ್ಲಿ ಮುಂದೆ ಬಾಗಿ, ತಡೆಯುವಷ್ಟು ಎಳೆತದಲ್ಲಿ ನಿಲ್ಲಿ. ತೊಡೆಯ ಹಿಂಭಾಗ ಬಿಗಿಯುತ್ತದೆ. ಎರಡು ಮೂರು ಉಸಿರು ಆಗುವಷ್ಟರಲ್ಲಿ "ಸಾಕು, ಎದ್ದುಬಿಡು" ಅಂತ ಒಂದು ಯೋಚನೆ ಬರುತ್ತದೆ. ಇನ್ನೊಂದು ಉಸಿರು ನಿಂತು ನೋಡಿ. ಎಳೆತ ಕಾಲಿನಲ್ಲಿದೆ, ಸಾಕು ಅನ್ನುವ ಮಾತು ಬೇರೆ ಎಲ್ಲೋ ಇದೆ. ಎರಡೂ ಬೇರೆ ಬೇರೆ, ಎರಡೂ ನಿಮಗೆ ಗೊತ್ತಾಗುತ್ತಿವೆ. ಚುಚ್ಚುವಂಥ ನೋವು ಬಂದರೆ ಮಾತ್ರ ತಕ್ಷಣ ಬಿಡಿ. ಬಿಗಿತ ಬೇರೆ, ಪೆಟ್ಟಾಗುವ ನೋವು ಬೇರೆ.

ಧ್ಯಾನಕ್ಕೆ ಸುಖಾಸನದಲ್ಲಿ, ಅಂದರೆ ಸುಮ್ನೆ ಚಕ್ಕಳಮಕ್ಕಳ ಹಾಕಿ, ಕೂರುವುದಾದರೆ ಪೃಷ್ಠದ ಕೆಳಗೆ ಮಡಿಸಿದ ಕಂಬಳಿ ಅಥವಾ ಗಟ್ಟಿ ದಿಂಬು ಇಟ್ಟುಕೊಳ್ಳಿ. ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಹಾಗಿದ್ದರೆ ಸೊಂಟ ಸ್ವಲ್ಪ ಮುಂದಕ್ಕೆ ವಾಲಿ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಬಲವಂತವಾಗಿ ಎತ್ತಿ ಹಿಡಿಯಬೇಕಾಗಿಲ್ಲ. ಮಂಡಿನೋವು ಇದ್ದವರು ಕುರ್ಚಿಯಲ್ಲೇ ಕೂರಲಿ. ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಆದರೆ ಬೆನ್ನನ್ನು ಕುರ್ಚಿಗೆ ಆನಿಸದಿದ್ದರೆ ಒಳ್ಳೆಯದು. ಗಲ್ಲ ಒಂಚೂರು ಕೆಳಗೆ, ದವಡೆ ಸಡಿಲ, ಕೈ ತೊಡೆಯ ಮೇಲೆ. ಕೂತ ಜಾಗ ತುಂಬ ಎತ್ತರವೂ ಬೇಡ, ತುಂಬ ತಗ್ಗೂ ಬೇಡ, ಮೈ, ತಲೆ, ಕತ್ತು ನೇರವಾಗಿರಲಿ ಅಂತ ಭಗವದ್ಗೀತೆಯ ಆರನೆಯ ಅಧ್ಯಾಯವೂ ಹೇಳುತ್ತದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಜಾಸ್ತಿ ತಿನ್ನುವವನಿಗೂ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ. ಜಾಸ್ತಿ ಮಲಗುವವನಿಗೂ ಇಲ್ಲ, ನಿದ್ದೆಗೆಡುವವನಿಗೂ ಇಲ್ಲ. ಉತ್ಸಾಹದಲ್ಲಿ ಉಪವಾಸ, ಜಾಗರಣೆ ಅಂತ ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯ ಹಂತ: ಉಸಿರು

ಸುಮ್ನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಗಾಬರಿಯಾದಾಗ ಇದು ಏರುತ್ತದೆ, ಸಮಾಧಾನವಾದಾಗ ಇಳಿಯುತ್ತದೆ. ಉಸಿರು ಅಲುಗಾಡಿದರೆ ಚಿತ್ತವೂ ಅಲುಗಾಡುತ್ತದೆ ಅಂತ ಹಠಯೋಗದವರು ಹೇಳುವುದು ಇದನ್ನೇ. ಮನಸ್ಸಿಗೆ "ಸುಮ್ಮನಿರು" ಅಂದರೆ ಅದು ಕೇಳುವುದಿಲ್ಲ. ಉಸಿರನ್ನು ನಿಧಾನ ಮಾಡುವುದು ಮಾತ್ರ ನಮ್ಮ ಕೈಲಿದೆ.

ಐದು ಎಣಿಸುವಷ್ಟು ಹೊತ್ತು ಒಳಕ್ಕೆ, ಐದು ಎಣಿಸುವಷ್ಟು ಹೊತ್ತು ಹೊರಕ್ಕೆ. ಎಣಿಕೆ ಒಂದೊಂದು ಸೆಕೆಂಡಿನಂತೆ ಇದ್ದರೆ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಮೊದಮೊದಲು ಇಷ್ಟು ಉದ್ದ ಕಷ್ಟವಾದರೆ ಮೂರು, ನಾಲ್ಕರಿಂದ ಶುರು ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನಿಂದ ಹೃದಯದವರೆಗೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಕೆಲಸ ಅದು. ಅದಕ್ಕೇ ಉಸಿರು ಬಿಡುವುದನ್ನು ಅವಸರ ಮಾಡಬೇಡಿ.

ಇದು ಹದಕ್ಕೆ ಬಂದ ಮೇಲೆ ನಾಡಿಶೋಧನ ಸೇರಿಸಿಕೊಳ್ಳಿ. ಬಲಗೈ ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಎಳೆದುಕೊಳ್ಳಿ. ಉಂಗುರದ ಬೆರಳಿನಿಂದ ಎಡ ಮುಚ್ಚಿ ಬಲದಿಂದ ಬಿಡಿ. ಬಲದಿಂದ ಎಳೆದುಕೊಳ್ಳಿ, ಎಡದಿಂದ ಬಿಡಿ. ಇದು ಒಂದು ಸುತ್ತು. ಐದಾರು ಸುತ್ತು ಮಾಡಿದರೆ ಸಾಕು. ಸದ್ದು ಬರಬಾರದು, ಏದುಸಿರು ಬರಬಾರದು. ಉಸಿರು ಕಟ್ಟಿ ಹಿಡಿಯುವ ಕುಂಭಕವನ್ನು ಪುಸ್ತಕ ಓದಿ, ವಿಡಿಯೋ ನೋಡಿ ಶುರು ಮಾಡುವುದು ಬೇಡವೇ ಬೇಡ. ಕಪಾಲಭಾತಿ, ಭಸ್ತ್ರಿಕದಂಥ, ರಭಸವಾಗಿ ಉಸಿರಾಡುವ ಜೋರು ಅಭ್ಯಾಸಗಳೂ ಅಷ್ಟೇ. ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ಹರ್ನಿಯಾ ಇದ್ದವರು, ಗರ್ಭಿಣಿಯರು ಇವನ್ನು ಮಾಡಬಾರದು.

ಪ್ರಾಣಾಯಾಮ ಮುಗಿದ ಮೇಲೆ ಒಂದು ನಿಮಿಷ ಉಸಿರನ್ನು ಅದರ ಪಾಡಿಗೆ ಬಿಟ್ಟು ನೋಡಿ. ಇಷ್ಟು ಹೊತ್ತು ನೀವು ಉಸಿರಾಡುತ್ತಿದ್ದಿರಿ. ಈಗ ಅದು ತಾನೇ ಒಳಕ್ಕೆ ಬಂದು, ತಾನೇ ಹೊರಕ್ಕೆ ಹೋಗುತ್ತಿದೆ. ನಾನೇ ಮಾಡುತ್ತಿದ್ದೇನೆ ಅಂದುಕೊಂಡ ಕೆಲಸ ನಾನು ಕೈಬಿಟ್ಟರೂ ನಡೆಯುತ್ತದೆ. ಈ ಒಂದು ನಿಮಿಷವನ್ನು ತಪ್ಪಿಸಬೇಡಿ. ಮುಂದಿನ ಹಂತಕ್ಕೆ ಬೇಕಾದದ್ದು ಇದೇ.

ಮೂರನೆಯ ಹಂತ: ಒಂದು ಕಡೆ ನಿಲ್ಲಿಸುವುದು

ಮೂಗಿನ ತುದಿಯಲ್ಲಿ ಉಸಿರು ತಾಗುವ ಜಾಗವನ್ನೋ, ಹೊಟ್ಟೆ ಏರಿಳಿಯುವುದನ್ನೋ ಆರಿಸಿಕೊಳ್ಳಿ. ಒಂದು ಸಲ ಆರಿಸಿಕೊಂಡ ಮೇಲೆ ಕೆಲವು ವಾರ ಬದಲಾಯಿಸಬೇಡಿ. ಮನಸ್ಸನ್ನು ಒಂದು ಜಾಗಕ್ಕೆ ಕಟ್ಟುವುದು ಧಾರಣೆ. ಆ ಅರಿವು ಕಡಿಯದೆ ಹರಿದರೆ ಅದು ಧ್ಯಾನ. ನಾವು ಧ್ಯಾನ ಮಾಡುತ್ತಿದ್ದೇವೆ ಅಂತ ಹೇಳುವಾಗ ಹೆಚ್ಚಿನ ಹೊತ್ತು ನಿಜಕ್ಕೂ ಮಾಡುತ್ತಿರುವುದು ಧಾರಣೆಯ ಪ್ರಯತ್ನ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಉಸಿರು ಹೊರಗೆ ಹೋದಾಗಲೆಲ್ಲ ಒಂದು, ಎರಡು ಅಂತ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ. ನಾಲ್ಕಕ್ಕೆ ಬರುವಷ್ಟರಲ್ಲಿ ಮನಸ್ಸು ಎಲ್ಲೋ ಹೋಗಿರುತ್ತದೆ. ನಿನ್ನೆ ಯಾರೋ ಅಂದ ಮಾತಿಗೆ ಇವತ್ತು ಒಳ್ಳೆ ಉತ್ತರ ಹೊಳೆಯುತ್ತದೆ. ಆ ಉತ್ತರವನ್ನು ಹೇಳುತ್ತಾ, ಎದುರಿನವರು ಸುಮ್ಮನಾಗುವುದನ್ನು ನೋಡುತ್ತಾ ಎರಡು ನಿಮಿಷ ಕಳೆಯುತ್ತದೆ. ಇದ್ದಕ್ಕಿದ್ದಂತೆ "ಅಯ್ಯೋ, ಎಣಿಕೆ ಬಿಟ್ಟೇಹೋಯಿತು" ಅಂತ ಗೊತ್ತಾಗುತ್ತದೆ.

ಈ ಗೊತ್ತಾಗುವ ಕ್ಷಣವನ್ನು ಹಿಡಿದುಕೊಳ್ಳಿ. ಅದನ್ನು ನೀವು ತರಲಿಲ್ಲ. ಯೋಚನೆಯಲ್ಲಿ ಪೂರ್ತಿ ಮುಳುಗಿದ್ದವರಿಗೆ ಅದನ್ನು ತರಲು ಆಗುತ್ತಲೂ ಇರಲಿಲ್ಲ. ಆದರೂ ಅರಿವು ತಾನಾಗಿ ಎಚ್ಚರವಾಯಿತು. ಹೆಚ್ಚಿನವರು ಇಲ್ಲಿ ತಮ್ಮನ್ನು ತಾವೇ ಬೈದುಕೊಂಡು, ಆ ಕ್ಷಣವನ್ನು ಕಳೆದುಕೊಳ್ಳುತ್ತಾರೆ. ಬೈಯುವುದೂ ಇನ್ನೊಂದು ಯೋಚನೆಯೇ. ಮೆಲ್ಲಗೆ ಒಂದಕ್ಕೆ ವಾಪಸ್ ಬನ್ನಿ. ಚಂಚಲವಾದ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಂದ ಕರೆತರಬೇಕು ಅನ್ನುವ ಗೀತೆಯ ಮಾತಿನಲ್ಲಿ, ಮನಸ್ಸು ಹೋಗದಿರಲಿ ಅನ್ನುವ ನಿಯಮ ಇಲ್ಲ. ಕರೆತರುವುದೇ ಅಭ್ಯಾಸ.

ಅಲೆಯುವುದು ನಿಮ್ಮೊಬ್ಬರ ದೋಷವೂ ಅಲ್ಲ. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ನೆ ಇರುವಾಗಲೂ ಮಿದುಳಿನ ಕೆಲವು ಭಾಗಗಳು ಚುರುಕಾಗಿಯೇ ಇರುತ್ತವೆ ಅಂತ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಬರೆದರು. ಹಳೆಯ ನೆನಪು, ನಾಳೆಯ ಚಿಂತೆ, ನನ್ನ ಬಗ್ಗೆ ನಾನು ಹೆಣೆಯುವ ಕಥೆ, ಇವಕ್ಕೆಲ್ಲ ಆ ಭಾಗಗಳ ಜೊತೆ ನಂಟಿದೆ. ಅಂದರೆ, ಸುಮ್ಮನಿದ್ದಾಗ 'ನನ್ನ ಕಥೆ' ಓಡುವುದು ಮಿದುಳಿನ ಸ್ವಭಾವ.

ನಾಲ್ಕನೆಯ ಹಂತ: ಸಾಕ್ಷಿಯಾಗಿ ನೋಡುವುದು

ಎಣಿಕೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಅದನ್ನು ಬಿಡಿ. ಈಗ ಏನು ಬಂದರೂ ಅದಕ್ಕೆ ಒಳಗೊಳಗೇ ಒಂದು ಚಿಕ್ಕ ಹೆಸರು ಕೊಟ್ಟು ನೋಡುವುದು ಮಾತ್ರ ಕೆಲಸ. ಸದ್ದು. ನೆನಪು. ಚಿಂತೆ. ನೋವು. ಮತ್ತೆ ಸದ್ದು.

ಮೂಗಿನ ಪಕ್ಕ ಒಂದು ತುರಿಕೆ ಶುರುವಾಯಿತು ಅಂತಿಟ್ಟುಕೊಳ್ಳಿ. ಕೈ ಆಗಲೇ ಮೇಲೇಳಲು ತಯಾರು. ಏಳಿಸಬೇಡಿ. ತುರಿಕೆ ಎಲ್ಲಿ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ? ಒಂದೇ ಸಮ ಇದೆಯಾ, ಬಿಟ್ಟು ಬಿಟ್ಟು ಬರುತ್ತಿದೆಯಾ? ಬಿಸಿಯಾ, ಚುರುಚುರು ಅನ್ನುತ್ತಿದೆಯಾ? ಹೀಗೆ ಹತ್ತಿರದಿಂದ ನೋಡುತ್ತಾ ಹೋದರೆ ಅದು ಜೋರಾಗುತ್ತದೆ, ತಡೆಯಲಾಗದು ಅನ್ನಿಸುವ ಮಟ್ಟಕ್ಕೆ ಬರುತ್ತದೆ, ಆಮೇಲೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಕೆರೆದುಕೊಳ್ಳದಿದ್ದರೆ ಏನೋ ಆಗಿಹೋಗುತ್ತದೆ ಅಂತ ಹೆದರಿಸಿದ ಯೋಚನೆಯೂ ಅದರ ಜೊತೆಗೇ ಮಾಯ. ತುರಿಕೆ ಬರುವ ಮೊದಲು ಇದ್ದವರು, ಬಂದಾಗ ಇದ್ದವರು, ಹೋದ ಮೇಲೂ ಇರುವವರು ನೀವು.

ಮುಂಡಕ ಉಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕೂತ ಎರಡು ಹಕ್ಕಿಗಳ ಚಿತ್ರ ಬರುತ್ತದೆ. ಒಂದು ಹಣ್ಣು ತಿನ್ನುತ್ತಿರುತ್ತದೆ. ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಈ ಹಂತದಲ್ಲಿ ನಾವು ನೋಡುವ ಹಕ್ಕಿಯ ಪರಿಚಯ ಮಾಡಿಕೊಳ್ಳುತ್ತಿದ್ದೇವೆ.

ಇಲ್ಲಿ ಒಂದು ತಪ್ಪುದಾರಿ ಇದೆ. ಸಾಕ್ಷಿ ಅಂದರೆ ಏನೂ ಅನ್ನಿಸದೆ ಕಲ್ಲಾಗುವುದು ಅಂತ ಕೆಲವರು ತಿಳಿಯುತ್ತಾರೆ. ದುಃಖ ಬಂದರೆ "ಇದು ನನ್ನದಲ್ಲ" ಅಂತ ತಳ್ಳಿಬಿಡುತ್ತಾರೆ. ತಳ್ಳುವುದು ನೋಡುವುದಾಗುವುದಿಲ್ಲ. ಅಳು ಬಂದರೆ ಅಳಿ. ಎದೆ ಭಾರವಾಗುವುದನ್ನು, ಗಂಟಲು ಕಟ್ಟುವುದನ್ನು, ಕಣ್ಣು ಬಿಸಿಯಾಗುವುದನ್ನು ಪೂರ್ತಿ ಬರಗೊಟ್ಟು ನೋಡಿ.

ಐದನೆಯ ಹಂತ: "ಇದು ಯಾರಿಗೆ?"

ಇಷ್ಟು ದಿನ ನೋಡಿದ್ದು ಕಾಣುವುದನ್ನು. ಈಗ ನೋಡುವವರ ಕಡೆ ತಿರುಗುವುದು. ನನಗೆ ಈ ಇಡೀ ದಾರಿಯಲ್ಲಿ ತುಂಬ ಪ್ರೀತಿಯ ಭಾಗ ಇದು.

1896ರಲ್ಲಿ ಮದುರೆಯಲ್ಲಿ ವೆಂಕಟರಾಮನ್ ಅನ್ನುವ ಹದಿನಾರು ವರ್ಷದ ಹುಡುಗನಿಗೆ ಇದ್ದಕ್ಕಿದ್ದಂತೆ ಸಾಯುತ್ತೇನೆ ಅನ್ನುವ ಭಯ ಹಿಡಿಯಿತು. ಕಾಯಿಲೆ ಏನೂ ಇರಲಿಲ್ಲ. ಅವನು ಓಡಿಹೋಗಿ ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಕೈಕಾಲು ಚಾಚಿ ಮಲಗಿ, ತುಟಿ ಬಿಗಿದು, ಸಾಯುವುದು ಯಾವುದು ಅಂತ ಒಳಗೇ ನೋಡಿದ. ಈ ಮೈ ಸತ್ತರೆ ನಾನು ಸತ್ತ ಹಾಗಾ? ಆ ಭಯ ಅಲ್ಲಿಗೇ ಮುಗಿಯಿತು. ಕೆಲವೇ ವಾರಗಳಲ್ಲಿ ಮನೆ ಬಿಟ್ಟು ತಿರುವಣ್ಣಾಮಲೆಗೆ ಹೋದ ಆ ಹುಡುಗನೇ ಮುಂದೆ ರಮಣ ಮಹರ್ಷಿ. 1950ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲೇ, ಅರುಣಾಚಲ ಬೆಟ್ಟದ ಆಸರೆಯಲ್ಲೇ ಇದ್ದರು. ಬಂದವರಿಗೆ ಅವರು ಮತ್ತೆ ಮತ್ತೆ ತೋರಿಸಿದ ದಾರಿ ಒಂದೇ, ನಾನು ಯಾರು ಅನ್ನುವ ವಿಚಾರ.

ಮಾಡುವ ಕ್ರಮ ಹೀಗಿದೆ. ಉಸಿರು ನಿಧಾನವಾಗಿ, ಮನಸ್ಸು ಸ್ವಲ್ಪ ತಿಳಿಯಾಗುವವರೆಗೆ ಕಾಯಿರಿ. ಒಂದು ಯೋಚನೆ ಬರಲಿ. ಅದನ್ನು ಮುಂದುವರಿಸುವ ಮೊದಲೇ ಕೇಳಿ: ಈ ಯೋಚನೆ ಯಾರಿಗೆ ಬಂತು? "ನನಗೆ" ಅನ್ನುವ ಉತ್ತರ ಸಹಜವಾಗಿ ಬರುತ್ತದೆ. ಆ ನಾನು ಯಾರು? ಇಲ್ಲಿ ನಿಲ್ಲಿ. ಮಾತಿನ ಉತ್ತರ ಹುಡುಕಬೇಡಿ. 'ನಾನು' ಅನ್ನುವ ಅನಿಸಿಕೆ ಒಳಗೆ ಎಲ್ಲಿ ಏಳುತ್ತಿದೆ ಅಂತ ಬರೀ ನೋಡಿ. ಹೆಸರು ಬರುತ್ತದೆ, ಅದನ್ನು ಬೇರೆಯವರು ಇಟ್ಟದ್ದು. ಮುಖ ಬರುತ್ತದೆ, ಅದು ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ. ಕೆಲಸ, ಸಂಬಂಧ, ಸಾಧನೆ, ಅವಮಾನ, ಎಲ್ಲ ಬಂದು ಹೋಗುತ್ತವೆ. ಬಂದುಹೋಗುವ ಯಾವುದೂ ಅದನ್ನು ನೋಡುತ್ತಿರುವವರಾಗಲು ಆಗದು. ಹುಡುಕುತ್ತಾ ಹೋದ ಹಾಗೆ ಕೈಗೆ ಏನೂ ಸಿಗದ ಒಂದು ಜಾಗ ಬರುತ್ತದೆ. ಇರುವುದಂತೂ ನಿಜ, ಆದರೆ ಇದು ಅಂತ ತೋರಿಸಲು ಏನೂ ಇಲ್ಲ. ಅಲ್ಲಿ ಎಷ್ಟು ಹೊತ್ತು ಇರಲು ಆಗುತ್ತದೋ ಅಷ್ಟು ಹೊತ್ತು ಇರಿ. ಬಹುಶಃ ಒಂದೆರಡು ಸೆಕೆಂಡು ಅಷ್ಟೇ. ಮತ್ತೆ ಯೋಚನೆ ಏಳುತ್ತದೆ, ಮತ್ತೆ ಕೇಳಿ.

ಈ ಹಂತದಲ್ಲಿ ಎರಡು ತೊಡಕು ಬರುತ್ತವೆ. "ನಾನು ಯಾರು, ನಾನು ಯಾರು" ಅಂತ ಜಪದ ಹಾಗೆ ಹೇಳುತ್ತಾ ಹೋಗುವುದು ಒಂದು. ಪ್ರಶ್ನೆಯ ಕೆಲಸ ಗಮನವನ್ನು ತಿರುಗಿಸುವುದು. ತಿರುಗಿದ ಮೇಲೆ ಪ್ರಶ್ನೆ ಬಿಟ್ಟುಬಿಡಿ. ಇನ್ನೊಂದು ಇದಕ್ಕಿಂತ ಗಟ್ಟಿ: ಓದಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. "ನಾನು ಆತ್ಮ, ನಾನು ಬ್ರಹ್ಮ" ಅಂತ ಬಾಯಿಗೆ ಬಂದುಬಿಡುತ್ತದೆ. ಅದು ನೆನಪಿನಿಂದ ಬಂದ ಮಾತು. ಅದು ಯಾರಿಗೆ ಬಂತು ಅಂತ ಅದನ್ನೂ ಕೇಳಿ.

ಬೆಳಿಗ್ಗೆ ಎದ್ದ ತಕ್ಷಣ, ಕಣ್ಣು ಬಿಡುವ ಮೊದಲು ಮಾಡುವ ಇನ್ನೊಂದು ಚಿಕ್ಕ ಅಭ್ಯಾಸ ಇದೆ. ಗಾಢ ನಿದ್ದೆಯಲ್ಲಿ ಹೆಸರಿರಲಿಲ್ಲ, ಮೈಯ ನೆನಪಿರಲಿಲ್ಲ, ಚಿಂತೆ ಇರಲಿಲ್ಲ. ಆದರೂ "ಚೆನ್ನಾಗಿ ನಿದ್ದೆ ಬಂತು" ಅಂತ ಹೇಳುತ್ತೇವೆ. ಯೋಗಸೂತ್ರ ನಿದ್ದೆಯನ್ನೂ ಐದು ವೃತ್ತಿಗಳಲ್ಲಿ ಒಂದು ಅಂತ ಎಣಿಸುತ್ತದೆ. ಎಚ್ಚರ, ಕನಸು, ನಿದ್ದೆ ಮೂರನ್ನೂ ದಾಟಿದ್ದೇ ಆತ್ಮ ಅಂತ ಬರೀ 12 ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಹೇಳುತ್ತದೆ. ಎದ್ದ ಕೂಡಲೇ ಮೊಬೈಲ್ ಹಿಡಿಯದೆ, ನಿದ್ದೆಯಿಂದ 'ನಾನು' ಏಳುವುದನ್ನು ನೋಡಿ. ಮೊದಲು ಬರೀ ಎಚ್ಚರ ಇರುತ್ತದೆ. ಆಮೇಲೆ ನಾನು ಅನ್ನುವುದು, ಇವತ್ತು ಯಾವ ವಾರ ಅನ್ನುವುದು, ಮಾಡಬೇಕಾದ ಕೆಲಸ, ಅದರ ಹಿಂದೆಯೇ ಸಣ್ಣ ಆತಂಕ. ಒಂದರ ಹಿಂದೆ ಒಂದು ಬಂದು ಸೇರಿಕೊಳ್ಳುವುದನ್ನು ಒಂದು ಸಲ ಕಂಡರೂ, ಈ ಗಂಟು ಹುಟ್ಟಿನಿಂದ ಇರುವ ಗಟ್ಟಿ ವಸ್ತು ಅನ್ನುವ ನಂಬಿಕೆ ಅಲುಗಾಡುತ್ತದೆ.

ಎದ್ದ ಮೇಲೆ

ಚಾಪೆಯ ಮೇಲೆ ಶಾಂತವಾಗಿರುವುದು ಸುಲಭ. ಯಾರಾದರೂ ನಾಲ್ಕು ಜನರ ಮುಂದೆ ನಿಮ್ಮ ತಪ್ಪು ಎತ್ತಿ ಆಡಿದಾಗ ಏನಾಗುತ್ತದೆ ನೋಡಿ. ಕಿವಿ ಬಿಸಿಯಾಗುತ್ತದೆ. ಹೊಟ್ಟೆ ಬಿಗಿಯುತ್ತದೆ. ಉಸಿರು ಮೇಲಕ್ಕೆ ಬರುತ್ತದೆ. ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಅಲ್ಲಿ ಒಂದು ಉಸಿರು ಪೂರ್ತಿ ಬಿಡುವಷ್ಟು ಬಿಡುವು ಸಿಕ್ಕಿದರೆ, ಪೆಟ್ಟು ಬಿದ್ದದ್ದು ಯಾವುದಕ್ಕೆ ಅಂತ ಕಾಣುತ್ತದೆ. ಮೈಗೆ ಏನೂ ಆಗಿಲ್ಲ. ನನ್ನ ಬಗ್ಗೆ ನಾನು ಇಟ್ಟುಕೊಂಡ ಒಂದು ಚಿತ್ರಕ್ಕೆ ಪೆಟ್ಟಾಗಿದೆ. ಆಮೇಲೆ ಉತ್ತರ ಕೊಡಬೇಕಾದರೆ ಕೊಡಿ, ತಪ್ಪಿದ್ದರೆ ಒಪ್ಪಿಕೊಳ್ಳಿ, ಅನ್ಯಾಯವಾಗಿದ್ದರೆ ಎದುರು ನಿಲ್ಲಿ. ಈ ವಿಚಾರ ಯಾರನ್ನೂ ಹೇಡಿ ಮಾಡುವುದಿಲ್ಲ.

ಜನರ ಜೊತೆ ನಡೆದುಕೊಳ್ಳಲು ಪತಂಜಲಿ ನಾಲ್ಕು ಭಾವಗಳನ್ನು ಕೊಡುತ್ತಾರೆ. ಸುಖವಾಗಿರುವವರ ಜೊತೆ ಸ್ನೇಹ, ದುಃಖದಲ್ಲಿರುವವರ ಮೇಲೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡು ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಮನಸ್ಸು ಕೆಡಿಸಿಕೊಳ್ಳದಿರುವುದು. ಕರುಣೆ ಅಷ್ಟು ಕಷ್ಟ ಅಲ್ಲ. ನಮ್ಮ ಓರಗೆಯವರು ಚೆನ್ನಾಗಿರುವುದನ್ನು ಕಂಡು ನಿಜವಾಗಿ ಖುಷಿಪಡುವುದು ಕಷ್ಟ. ಅಭ್ಯಾಸ ಎಲ್ಲಿಗೆ ಬಂದಿದೆ ಅಂತ ತಿಳಿಯಬೇಕಾದರೆ ನಾನು ಮೊದಲು ಅಲ್ಲೇ ನೋಡುತ್ತೇನೆ.

ದಾರಿಯಲ್ಲಿ ಬರುವ ಅಡ್ಡಿಗಳು

ಯೋಗಸೂತ್ರ ಒಂಬತ್ತು ಅಡ್ಡಿಗಳನ್ನು ಹೆಸರಿಸುತ್ತದೆ: ಕಾಯಿಲೆ, ಜಡತೆ, ಸಂಶಯ, ಅಜಾಗರೂಕತೆ, ಸೋಮಾರಿತನ, ಇಂದ್ರಿಯಸುಖಗಳ ಸೆಳೆತ, ತಪ್ಪು ತಿಳಿವಳಿಕೆ, ನೆಲೆ ಸಿಗದಿರುವುದು, ಸಿಕ್ಕ ನೆಲೆಯಲ್ಲಿ ನಿಲ್ಲದಿರುವುದು. ಈ ಪಟ್ಟಿ ಓದಿದಾಗ ಸಮಾಧಾನವಾಗುತ್ತದೆ. ನಮಗೆ ಬರುವ ಯಾವ ತೊಂದರೆಯೂ ಹೊಸದಲ್ಲ.

ನಿದ್ದೆ ಬಂದರೆ ಕಣ್ಣು ಅರ್ಧ ತೆರೆಯಿರಿ, ಬೆನ್ನು ನೇರ ಮಾಡಿ, ಆಗದಿದ್ದರೆ ನಿಂತು ಮಾಡಿ. ದಿನವೂ ನಿದ್ದೆ ಬರುತ್ತಿದ್ದರೆ ರಾತ್ರಿಯ ನಿದ್ದೆ ಸಾಲುತ್ತಿಲ್ಲ ಅಂತ ಅರ್ಥ. ಮೊದಲು ಅದನ್ನು ಸರಿಮಾಡಿಕೊಳ್ಳಿ. ಊಟವಾದ ಕೂಡಲೇ ಕೂರಬೇಡಿ.

ಬೆಳಕು, ಬಣ್ಣ, ಮೈ ಹಗುರಾದ ಅನುಭವ, ಮುಂದಾಗುವುದು ತಿಳಿದಂತೆ ಅನ್ನಿಸುವುದು, ಇಂಥವು ಕೆಲವರಿಗೆ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಬಂದವರು ಮುಂದಿದ್ದಾರೆ, ಬಾರದವರು ಹಿಂದಿದ್ದಾರೆ ಅನ್ನುವ ಅಳತೆಗೆ ಆಧಾರ ಇಲ್ಲ. ಸಿದ್ಧಿಗಳು, ಅಂದರೆ ಇಂಥ ವಿಶೇಷ ಶಕ್ತಿಗಳು, ಧ್ಯಾನ ಪೂರ್ತಿ ಮಾಗಿದ ಸ್ಥಿತಿಯಾದ ಸಮಾಧಿಗೆ ಅಡ್ಡಿ ಅಂತ ಪತಂಜಲಿ ನೇರವಾಗಿ ಹೇಳಿದ್ದಾರೆ. ಎಷ್ಟೇ ಚೆಂದದ ಅನುಭವ ಆದರೂ ಅದು ಬಂತು, ಹೋಯಿತು. ಅದನ್ನು ಕಂಡವರನ್ನು ಹುಡುಕಿ.

ಕೆಲವೊಮ್ಮೆ ಹಳೆಯ ಗಾಯಗಳು ಮೇಲೆ ಬರುತ್ತವೆ. ಸ್ವಲ್ಪ ಅಳು, ಸ್ವಲ್ಪ ಕಳವಳ ಸಹಜ. ಆದರೆ ಭಯ ದಿನಪೂರ್ತಿ ಕಾಡಿದರೆ, ನಿದ್ದೆ ಹಲವು ದಿನ ಕೆಟ್ಟರೆ, ಇಲ್ಲದ ದನಿ ಕೇಳತೊಡಗಿದರೆ, ಬದುಕು ಬೇಡ ಅನ್ನಿಸಿದರೆ ಅಭ್ಯಾಸ ನಿಲ್ಲಿಸಿ, ಮನೋವೈದ್ಯರನ್ನು ಕಾಣಿ. ಇದನ್ನು ಸಾಧನೆಯ ಒಂದು ಹಂತ ಅಂತ ಹೇಳಿ ಮುಂದುವರಿಸಲು ಹೇಳುವವರ ಮಾತು ಕೇಳಬೇಡಿ. ಮೊದಲೇ ಖಿನ್ನತೆಗೋ ಬೇರೆ ಮಾನಸಿಕ ತೊಂದರೆಗೋ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಹತ್ತಾರು ದಿನ ಮೌನದಲ್ಲಿ ಕೂರುವ ಶಿಬಿರಗಳಿಗೂ ಕೇಳಿಯೇ ಹೋಗಬೇಕು.

ಗುರು ಬೇಕಾ ಅಂತ ಕೇಳುತ್ತಾರೆ. ಪ್ರಾಣಾಯಾಮವನ್ನು ಮುಂದುವರಿಸಲು ಎದುರಿಗೆ ಕೂತು ತಿದ್ದುವವರು ಬೇಕೇ ಬೇಕು. ವಿಚಾರದ ದಾರಿಯಲ್ಲೂ ಒಬ್ಬರು ಅನುಭವಸ್ಥರು ಇದ್ದರೆ ಬಹಳ ಕಾಲದ ಸುತ್ತಾಟ ತಪ್ಪುತ್ತದೆ. ಅವರನ್ನು ಆರಿಸುವಾಗ ಮಾತಿಗಿಂತ ನಡತೆ ನೋಡಿ. ತಮ್ಮ ಸುತ್ತ ಇರುವ, ಏನೂ ಲಾಭವಿಲ್ಲದ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಪ್ರಶ್ನೆ ಕೇಳಿದರೆ ಸಿಡುಕುತ್ತಾರಾ? ನಿಮ್ಮನ್ನು ನಿಮ್ಮ ಒಳಗೆ ಕಳಿಸುತ್ತಾರಾ, ತಮ್ಮ ಕಡೆಗೇ ಎಳೆದುಕೊಳ್ಳುತ್ತಾರಾ? ಹಣ, ಮೈ, ಮನೆಯವರ ಸಂಬಂಧ, ಈ ಮೂರರಲ್ಲಿ ಯಾವುದಕ್ಕೆ ಕೈ ಹಾಕಿದರೂ ಅಲ್ಲಿಂದ ಹೊರಡಿ.

ದಿನಕ್ಕೆ ಎಷ್ಟು ಹೊತ್ತು?

ಶುರುವಿನಲ್ಲಿ ಆಸನ, ಪ್ರಾಣಾಯಾಮ ಸೇರಿ ಅರ್ಧ ಗಂಟೆ ಸಾಕು, ಅದರಲ್ಲಿ ಹತ್ತು ನಿಮಿಷ ಸುಮ್ನೆ ಕೂರುವುದು. ಒಂದೆರಡು ತಿಂಗಳಲ್ಲಿ ಕೂರುವ ಹೊತ್ತನ್ನು ಇಪ್ಪತ್ತು ನಿಮಿಷಕ್ಕೆ ತನ್ನಿ. ಬೆಳಿಗ್ಗೆ ಒಳ್ಳೆಯದು, ಆದರೆ ಮಕ್ಕಳು, ಕೆಲಸ, ಪಾಳಿ ಇದ್ದವರು ತಮಗೆ ಸಿಗುವ ಹೊತ್ತನ್ನೇ ಗಟ್ಟಿ ಮಾಡಿಕೊಳ್ಳಲಿ. ಬಹಳ ಕಾಲ, ಬಿಡದೆ, ಆದರದಿಂದ ಮಾಡಿದಾಗ ಅಭ್ಯಾಸ ನೆಲೆಗೊಳ್ಳುತ್ತದೆ ಅಂತ ಯೋಗಸೂತ್ರದ ಮಾತು. ಭಾನುವಾರ ಎರಡು ಗಂಟೆ ಕೂತು ಉಳಿದ ದಿನ ಬಿಡುವುದಕ್ಕಿಂತ ದಿನವೂ ಹತ್ತು ನಿಮಿಷ ಮೇಲು. ಒಂದು ದಿನ ತಪ್ಪಿದರೆ ಮರುದಿನ ಡಬಲ್ ಮಾಡಬೇಡಿ, ಎಂದಿನಂತೆ ಕೂರಿ.

ಚಿಕ್ಕ ಪುಸ್ತಕದಲ್ಲಿ ವಾರಕ್ಕೊಮ್ಮೆ ನಾಲ್ಕು ಸಾಲು ಬರೆದಿಡಿ. ಎಷ್ಟು ನಿಮಿಷ ಕೂತೆ, ಏನು ಕಂಡೆ ಅನ್ನುವುದನ್ನು ಬಿಟ್ಟು, ಈ ವಾರ ಎಲ್ಲಿ ಸಿಟ್ಟು ಬಂತು, ಎಷ್ಟು ಹೊತ್ತು ಉಳಿಯಿತು, ಅದು ಬಂದದ್ದು ಯಾವಾಗ ಗೊತ್ತಾಯಿತು ಅಂತ ಬರೆಯಿರಿ. ಮೊದಮೊದಲು ಮರುದಿನ ಗೊತ್ತಾಗುತ್ತದೆ. ಆಮೇಲೆ ಅದೇ ಸಂಜೆ. ಆಮೇಲೆ ಮಾತು ಆಡುತ್ತಿರುವಾಗಲೇ. ಆರು ತಿಂಗಳಿಗೊಮ್ಮೆ ಹಿಂದಿನ ಹಾಳೆಗಳನ್ನು ತಿರುವಿ ನೋಡಿ, ಈ ಅಂತರ ಕಮ್ಮಿ ಆಗಿದೆಯಾ ಅಂತ.